ಹೊಲ ನಿಮ್ಮದು ಸರಿ, ನರಿ ಯಾರದು?

ಕೋಲಾರದ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡಿಯುತ್ತಾ ಕಾಲು ಗಂಟೆ ನಿಂತರೆ ಜಿಲ್ಲೆಯ ಅರ್ಧ ಸಮಾಚಾರ ಕಿವಿಗೆ ಬೀಳುತ್ತದೆ. ಉಳಿದರ್ಧ ಟೊಮೆಟೊ ಮಂಡಿಯಲ್ಲಿ ಸಿಗುತ್ತದೆ. ಮೊನ್ನೆ ಹೀಗೇ ನಿಂತಿದ್ದಾಗ ಪಕ್ಕದ ಯುವಕನೊಬ್ಬ ಸ್ನೇಹಿತನಿಗೆ ಮೊಬೈಲು ತೋರಿಸುತ್ತಾ ಹೇಳುತ್ತಿದ್ದ: "ನಿನ್ನೆ ರಾತ್ರಿ ಎರಡು ನರಿ ಬಿತ್ತು ಕಣೋ." ಮೆಲ್ಲಗೆ ಅಲ್ಲ, ಕ್ರಿಕೆಟ್ಟಿನಲ್ಲಿ ಎರಡು ವಿಕೆಟ್ ಬಿತ್ತು ಅನ್ನುವಷ್ಟು ಸಲೀಸಾಗಿ. ಎಲ್ಲಪ್ಪಾ ಅಂತ ನಾನೇ ಬಾಯಿ ಹಾಕಿದೆ. "ಕಾಡಲ್ಲಿ ಅಲ್ಲ ಸಾರ್, ನಮ್ಮ ಭಾವನ ಪಟ್ಟಾ ಜಮೀನಿನಲ್ಲಿ. ನಮ್ಮ ಹೊಲಕ್ಕೆ ಬಂದದ್ದನ್ನ ನಾವು ಹೊಡೆದರೆ ಯಾರ್ರೀ ಕೇಳೋರು?"

ಈ ಪ್ರಶ್ನೆ ಅವನೊಬ್ಬನದಲ್ಲ. ಮಾಲೂರಿನಲ್ಲಿ ಕೇಳಿ, ಮುಳಬಾಗಿಲಿನಲ್ಲಿ ಕೇಳಿ, ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ಕೇಳಿ, ಹತ್ತರಲ್ಲಿ ಎಂಟು ಜನ ಇದೇ ಮಾತು ಆಡುತ್ತಾರೆ. ಕಾಡಿನ ಬೇಟೆ ಕಳ್ಳತನ, ಹೊಲದ ಬೇಟೆ ಹಕ್ಕು ಎಂಬುದು ನಮ್ಮ ಕಡೆಯ ಅಲಿಖಿತ ಕಾನೂನು. ಬರೆದಿಟ್ಟ ಕಾನೂನು ಬೇರೆಯೇ ಇದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂಬತ್ತನೇ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಅರಣ್ಯದಲ್ಲಿ ಮಾತ್ರ ಅಂತ ಅಲ್ಲಿ ಎಲ್ಲೂ ಇಲ್ಲ. ಬೇಟೆ ಅಂದರೆ ಗುಂಡು ಹೊಡೆಯುವುದೊಂದೇ ಅಲ್ಲ. ಉರುಳು ಹಾಕಿದರೂ ಬೇಟೆ, ವಿಷ ಇಟ್ಟರೂ ಬೇಟೆ, ಬೋನಿಗೆ ಕೆಡವಿದರೂ ಬೇಟೆ. ಪ್ರಯತ್ನ ಮಾಡಿ ಏನೂ ಸಿಗದೆ ಬರಿಗೈಲಿ ಮನೆಗೆ ಬಂದರೂ ಬೇಟೆಯೇ. ಕೊಂದ ಪ್ರಾಣಿ ಸರ್ಕಾರದ ಸ್ವತ್ತು ಅನ್ನುತ್ತದೆ 39ನೇ ಕಲಂ. ಪಹಣಿಯಲ್ಲಿ ನಿಮ್ಮ ಹೆಸರು ಇರಬಹುದು, ಅದು ಮಣ್ಣಿಗೆ. ಆ ಮಣ್ಣಿನ ಮೇಲೆ ರಾತ್ರಿ ಹಾದುಹೋಗುವ ನರಿಯ ಪಹಣಿ ಬೇರೆ.

ಲೈಸೆನ್ಸ್ ತೆಗೆದುಕೊಂಡು ಶಿಕಾರಿ ಮಾಡುವ ಕಾಲ ಒಂದಿತ್ತು, ನಿಜ. ಮೈಸೂರು ಸಂಸ್ಥಾನದಲ್ಲಿ 1901ರಷ್ಟು ಹಿಂದೆಯೇ ಬೇಟೆ ಮತ್ತು ಮೀನುಗಾರಿಕೆಗೆ ರೆಗ್ಯುಲೇಷನ್ ಬಂದಿತ್ತು. ಹುಲಿ ಚಿರತೆ ಕೊಂದು ತಂದವರಿಗೆ ಸರ್ಕಾರದವರೇ ಇನಾಮು ಕೊಡುತ್ತಿದ್ದರು. ಅಂಥ ಮನೆಗಳ ಗೋಡೆಯ ಮೇಲೆ ಧೂಳು ಹಿಡಿದ ಕೊಂಬುಗಳು ಈಗಲೂ ನೇತಾಡುತ್ತಿರಬಹುದು. ಆ ಲೈಸೆನ್ಸಿನ ಅಧ್ಯಾಯವನ್ನು 1991ರ ತಿದ್ದುಪಡಿ ಮುಚ್ಚಿಹಾಕಿತು. ತಾತ ಹೊಡೆದಿದ್ದ ಅನ್ನುವ ವಾದ ಕೋರ್ಟಿನಲ್ಲಿ ನಡೆಯುವುದಿಲ್ಲ.

ನಮ್ಮವರಲ್ಲಿ ಬಹಳ ಮಂದಿಗೆ ತಲುಪದ ಹೊಸ ಸುದ್ದಿ ಇನ್ನೊಂದಿದೆ. 2022ರಲ್ಲಿ ಈ ಕಾಯ್ದೆಗೆ ಮತ್ತೆ ತಿದ್ದುಪಡಿಯಾಯಿತು. 2023ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಮೊದಲು ಎರಡನೇ ಪಟ್ಟಿಯಲ್ಲಿದ್ದ ನಮ್ಮ ನರಿ, ಕೆಲವರು ಗುಳ್ಳೆನರಿ ಅನ್ನುತ್ತಾರಲ್ಲ ಅದೇ, ಈಗ ಒಂದನೇ ಪಟ್ಟಿಗೆ ಬಡ್ತಿ ಪಡೆದಿದೆ. ಒಂದನೇ ಪಟ್ಟಿ ಅಂದರೆ ಹುಲಿ, ಆನೆ, ಕೃಷ್ಣಮೃಗ, ನವಿಲು ಇರುವ ಪಟ್ಟಿ. ಶಿಕ್ಷೆ ಮೂರು ವರ್ಷಕ್ಕೆ ಕಮ್ಮಿ ಇಲ್ಲ, ಏಳು ವರ್ಷದ ತನಕ ಹೋಗಬಹುದು. ಜುಲ್ಮಾನೆ 25 ಸಾವಿರಕ್ಕೆ ಕಮ್ಮಿ ಇಲ್ಲ. ಟೀ ಅಂಗಡಿಯ ಹುಡುಗ ಮೊಬೈಲಿನಲ್ಲಿ ತೋರಿಸುತ್ತಿದ್ದ ಫೋಟೋ ಅವನ ವಿರುದ್ಧದ ಸಾಕ್ಷಿ. ಹಾಗಂತ ಅವನಿಗೆ ಗೊತ್ತಿರಲಿಲ್ಲ.

ಈ ರಾತ್ರಿ ಬೇಟೆಯಲ್ಲಿ ಸಿಕ್ಕಿಬೀಳುವವನು ಯಾರು, ಅದನ್ನು ಸ್ವಲ್ಪ ಬಿಡಿಸಿ ನೋಡೋಣ. ಬಂದೂಕು ಒಬ್ಬನದು, ಗಾಡಿ ಇನ್ನೊಬ್ಬನದು, ಟಾರ್ಚು ಮತ್ತೊಬ್ಬನದು. ಇವರೆಲ್ಲ ಹೆಚ್ಚಾಗಿ ಪೇಟೆಯವರು. ಶನಿವಾರ ರಾತ್ರಿ ಊಟ ಮುಗಿಸಿ, ಸ್ವಲ್ಪ ಗುಂಡೂ ಹಾಕಿ, ಗುಂಡು ಹೊಡೆಯಲು ಹೊರಡುತ್ತಾರೆ. ಅವರಿಗೆ ಬೇಕಾದ್ದು ಗೇಟು ತೆಗೆದು ಒಳಗೆ ಬಿಡುವ ಒಬ್ಬ ರೈತ. ನಿಮ್ಮ ಬೆಳೆ ಕಾಪಾಡಿ ಕೊಡ್ತೀವಿ ಅಂತಾರೆ. ಅವನೂ ಸಂತೋಷವಾಗಿ ಹೂಂ ಅಂತಾನೆ. ನಾಳೆ ಮಹಜರು ಆದಾಗ ಕಾಗದದಲ್ಲಿ ಮೊದಲು ಬರೆಯುವುದು ಸರ್ವೆ ನಂಬರು. ಆ ಸರ್ವೆ ನಂಬರಿಗೆ ಒಬ್ಬ ಯಜಮಾನ ಇರುತ್ತಾನೆ. ಗಾಡಿಯವರು ಹೊಸಕೋಟೆ ದಾಟಿ ಮನೆ ಸೇರಿರುತ್ತಾರೆ, ಇವನು ಹೊಲದಲ್ಲೇ ಸಿಗುತ್ತಾನೆ. ಎಲ್ಲರೂ ಸಿಕ್ಕಿಬಿದ್ದರೆ ಗಾಡಿಯೂ ಬಂದೂಕೂ ಸರ್ಕಾರಕ್ಕೆ ಹೋಗುತ್ತವೆ, ಅದು ಬೇರೆ ಮಾತು.

ಬೆಳೆ ಕಾಪಾಡಲು ಲೈಸೆನ್ಸ್ ಇರುವ ಬಂದೂಕು ಇದೆ ಅನ್ನುವವರೂ ಉಂಟು. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸ್ ಕೊಡುವುದು ಇದೆ, ಇಲ್ಲ ಅಂದವರಾರು? ಆದರೆ ಅದು ಕೋವಿ ಇಟ್ಟುಕೊಳ್ಳುವ ಲೈಸೆನ್ಸ್, ಪ್ರಾಣಿ ಹೊಡೆಯುವ ಪರ್ಮಿಟ್ ಅಲ್ಲ. ಎರಡಕ್ಕೂ ಆಫೀಸು ಬೇರೆ, ಕಾಯ್ದೆ ಬೇರೆ. ಗಾಳಿಯಲ್ಲಿ ಸದ್ದು ಮಾಡಿ ಓಡಿಸುವುದಕ್ಕೂ ಗುರಿ ಇಟ್ಟು ಕೆಡವುದಕ್ಕೂ ನಡುವೆ ಇರುವುದು ಮೂರು ವರ್ಷದ ಜೈಲು.

ಕತ್ತಲಲ್ಲಿ ಟಾರ್ಚು ಹಾಕಿದರೆ ಪ್ರಾಣಿ ಕಾಣುವುದಿಲ್ಲ, ಕಣ್ಣು ಕಾಣುತ್ತದೆ. ಎರಡು ಹೊಳೆಯುವ ಚುಕ್ಕಿ. ನರಿಯದೂ ಹೊಳೆಯುತ್ತದೆ, ಪಕ್ಕದ ಮನೆಯ ನಾಯಿಯದೂ ಹೊಳೆಯುತ್ತದೆ, ಹಗ್ಗ ಬಿಚ್ಚಿಕೊಂಡ ಕರುವಿನದೂ ಹೊಳೆಯುತ್ತದೆ. ಆ ಚುಕ್ಕಿಗಳ ಹಿಂದೆ ಏನಿದೆ ಎಂಬುದು ಹೊಡೆಯುವವನಿಗೆ ತಿಳಿಯುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಆ ಹಿಂದೆ ಮನುಷ್ಯ ಇರುತ್ತಾನೆ. ಪಂಪ್‌ಸೆಟ್ಟಿಗೆ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ರೈತ ರಾತ್ರಿಯೇ ನೀರು ಕಟ್ಟಬೇಕು. 2023ರ ಜುಲೈನಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸು ನಮ್ಮ ಮಂಡಿಯಲ್ಲಿ ಎರಡು ಸಾವಿರ ರೂಪಾಯಿ ದಾಟಿದಾಗ ಕಳ್ಳರ ಭಯಕ್ಕೆ ತೋಟದಲ್ಲೇ ಮಲಗಿದವರು ಎಷ್ಟು ಮಂದಿ! ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ತೋಪುಗಳಲ್ಲಿ ಕಾವಲುಗಾರರು ಚಾಪೆ ಹಾಸಿಕೊಂಡಿರುತ್ತಾರೆ. ಕೋಲಾರದ ಹೊಲ ರಾತ್ರಿ ಖಾಲಿ ಇರುವುದೇ ಇಲ್ಲ. ಹಾರಿದ ಗುಂಡು ಬದುವಿನ ಹತ್ತಿರ ನಿಂತು, ಇದು ಯಾರ ಸರ್ವೆ ನಂಬರು ಎಂದು ಕೇಳುವುದಿಲ್ಲ.

ಇಷ್ಟು ಹೇಳಿದ ಮೇಲೆ ರೈತನ ಮಾತನ್ನೂ ಕೇಳಬೇಕು. ಬೆಂಗಳೂರಿನ ಫ್ಲಾಟಿನಲ್ಲಿ ಕೂತು ಪ್ರಾಣಿದಯೆ ಬರೆಯುವುದು ಸುಲಭ. ಇಲ್ಲಿ ಸಾಲ ಮಾಡಿ ಕಲ್ಲಂಗಡಿ ಹಾಕಿದವನು ಬೆಳಗ್ಗೆ ಎದ್ದು ನೋಡಿದರೆ ಹಣ್ಣೆಲ್ಲ ಅರ್ಧಂಬರ್ಧ ಕಚ್ಚಿ ಬಿಸಾಡಿರುತ್ತದೆ. ನರಿ ಕಲ್ಲಂಗಡಿ ತಿನ್ನುತ್ತದೆ, ಎಳೆ ಜೋಳದ ತೆನೆ ಎಳೆಯುತ್ತದೆ, ಕಡಲೆಕಾಯಿ ಕೆರೆದು ಮೇಯುತ್ತದೆ. ಕೋಳಿ ಹೊತ್ತೊಯ್ಯುತ್ತದೆ, ಗೂಡಿಲ್ಲದ ಕುರಿಮರಿಯನ್ನೂ ಬಿಡುವುದಿಲ್ಲ. ಇದನ್ನು ಮುಚ್ಚಿಟ್ಟು ಬರೆಯುವವರು ಹೊಲ ನೋಡಿದವರಲ್ಲ.

ಆದರೆ ಲೆಕ್ಕದ ಪುಸ್ತಕದಲ್ಲಿ ಎರಡು ಕಾಲಂ ಇರುತ್ತದೆ, ಅಂಗಡಿಯವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ನರಿಯ ಹೊಟ್ಟೆಗೆ ಹೋಗುವುದರಲ್ಲಿ ಇಲಿ, ಹೆಗ್ಗಣ ದೊಡ್ಡ ಪಾಲು. ರಾಗಿ ತೆನೆ ಕತ್ತರಿಸಿ ಬಿಲಕ್ಕೆ ಸಾಗಿಸುವ ಇಲಿಯನ್ನು ಹಿಡಿಯಲು ರೈತ ರಾತ್ರಿಯೆಲ್ಲ ಕೂರಲಾರ, ನರಿ ಕೂರುತ್ತದೆ. ಕೂಲಿ ಕೇಳುವುದಿಲ್ಲ. ಸತ್ತ ದನ, ಸತ್ತ ಕೋಳಿ ತಿಂದು ಊರಾಚೆಯ ನಾತ ಕಮ್ಮಿ ಮಾಡುವುದೂ ಅದೇ. ಇನ್ನು ಕುರಿ ಸತ್ತಾಗ ನರಿ ಅನ್ನುವುದು ನಮ್ಮ ಅಭ್ಯಾಸ. ಹಲವು ಸಲ ಅದು ಬೀದಿನಾಯಿಗಳ ಗುಂಪಿನ ಕೆಲಸ. ಕೋಳಿ ಫಾರಮ್ಮುಗಳ ಸತ್ತ ಕೋಳಿಯನ್ನು ಕೆರೆ ಏರಿಯ ಕೆಳಗೆ ಸುರಿದರೆ ಅಲ್ಲಿಗೆ ನಾಯಿಯೂ ಬರುತ್ತದೆ, ನರಿಯೂ ಬರುತ್ತದೆ. ಎರಡೂ ಅಲ್ಲಿಂದ ಪಕ್ಕದ ಕುರಿರೊಪ್ಪಕ್ಕೆ ದಾರಿ ಕಲಿಯುತ್ತವೆ. ಸುರಿದವನ ಮೇಲೆ ಯಾರೂ ಟಾರ್ಚು ಹಾಕುವುದಿಲ್ಲ.

ನಿಜವಾಗಿ ರೈತನ ನಿದ್ದೆಗೆಡಿಸಿರುವುದು ನರಿ ಅಲ್ಲ, ಕಾಡುಹಂದಿ. ಒಂದು ಹಿಂಡು ನುಗ್ಗಿದರೆ ಕಡಲೆಕಾಯಿ ಹೊಲ ಒಂದೇ ರಾತ್ರಿಗೆ ಉತ್ತ ಹಾಗೆ ಆಗುತ್ತದೆ. ಹಂದಿಗೆ ಅಂತ ಇಟ್ಟದ್ದಕ್ಕೆ ನರಿ ಬಲಿ ಬೀಳುವುದೇ ಹೆಚ್ಚು. ಬೈಕಿನ ಕ್ಲಚ್ ವೈರಿನ ಉರುಳು ಬೇಲಿಯ ಕಿಂಡಿಯಲ್ಲಿ ಇರುತ್ತದೆ, ಹಂದಿ ಕಿತ್ತುಕೊಂಡು ಹೋಗುತ್ತದೆ, ಮಾರನೇ ರಾತ್ರಿ ನರಿಯೋ ಮೊಲವೋ ಸಾಕಿದ ನಾಯಿಯೋ ಸಿಕ್ಕಿ ಬೆಳಗಿನ ತನಕ ಒದ್ದಾಡುತ್ತದೆ. ಇನ್ನೊಂದು, ಹಿಟ್ಟಿನುಂಡೆಯಲ್ಲಿ ಅಡಗಿಸಿದ ಸಿಡಿಮದ್ದು. ಇದು ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ 2020ರ ಮೇ ತಿಂಗಳು ನೆನಪಿರಬಹುದು. ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆಯೊಂದು ಬಾಯಲ್ಲಿ ಸಿಡಿಮದ್ದು ಸಿಡಿದು, ಹೊಳೆಯ ನೀರಿನಲ್ಲಿ ನಿಂತೇ ಸತ್ತಿತು. ದೇಶವೆಲ್ಲ ಅತ್ತಿತು. ಅಂಥ ಮದ್ದನ್ನು ಅಲ್ಲಿಯ ಹೊಲಗಳಲ್ಲಿ ಇಡುವುದು ಆನೆಗಲ್ಲ, ಹಂದಿಗೆ. ನಮ್ಮಲ್ಲಿ ಅದನ್ನು ಕಚ್ಚುವುದು ಮೇಯಲು ಬಿಟ್ಟ ಹಸು. ಕೈಗೆತ್ತಿಕೊಳ್ಳುವುದು ಆಟವಾಡುವ ಹುಡುಗ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು, ಬೇಲಿ ತಂತಿಗೆ ಲೈನಿನಿಂದಲೇ ಕರೆಂಟು ಎಳೆಯುವುದು. ಸೋಲಾರ್ ಬೇಲಿ ಬೇರೆ, ಅದು ಜುಂ ಅನ್ನಿಸಿ ಬಿಡುತ್ತದೆ. ನೇರ ಲೈನಿನ ಕರೆಂಟು ಬಿಡುವುದಿಲ್ಲ, ಹಿಡಿದುಕೊಳ್ಳುತ್ತದೆ. ಬಂಗಾರಪೇಟೆಯ ಕಾಮಸಮುದ್ರದ ಕಡೆ ತಮಿಳುನಾಡಿನಿಂದ ಆನೆ ದಾಟಿ ಬರುವುದು ಎಲ್ಲರಿಗೂ ಗೊತ್ತಿರುವ ವಿಚಾರ. ಆನೆಗೂ ಈ ತಂತಿ ಸಾಕು. ನೀರು ಕಟ್ಟಲು ಹೋದ ಪಕ್ಕದ ಹೊಲದವನಿಗೆ ಅದು ಇನ್ನೂ ಧಾರಾಳವಾಗಿ ಸಾಕು. ಹಾಗೆ ಮನುಷ್ಯ ಸತ್ತರೆ ವನ್ಯಜೀವಿ ಕಾಯ್ದೆಯ ಮಾತೇ ಇರುವುದಿಲ್ಲ, ಭಾರತೀಯ ನ್ಯಾಯ ಸಂಹಿತೆಯ 105ನೇ ಕಲಂ ಕೆಳಗೆ ನರಹತ್ಯೆಯ ಕೇಸಿಗೇ ದಾರಿ. ಮೇಲೆ ವಿದ್ಯುತ್ ಕಳ್ಳತನದ್ದು ಬೇರೆ. ಹಂದಿಗೆ ಹಾಕಿದ ತಂತಿಯಿಂದ ಎರಡು ಮನೆ ಹಾಳು. ಸತ್ತವನದೊಂದು, ಜೈಲಿಗೆ ಹೋದವನದೊಂದು.

ಹಂದಿ ಎಲ್ಲಿಂದ ಬಂತು ಅಂತ ಕೇಳಿದರೆ ನಮ್ಮ ರೈತರು ನೀಲಗಿರಿ ತೋಪಿನ ಕಡೆ ಕೈ ತೋರಿಸುತ್ತಾರೆ. ಇದರಲ್ಲಿ ಸ್ವಲ್ಪ ಹಳೇ ಚರಿತ್ರೆ ಇದೆ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಅಂತ ವಿಶ್ವಬ್ಯಾಂಕಿನ ದುಡ್ಡಿನಲ್ಲಿ ಯೋಜನೆ ಬಂತು. ಕೋಲಾರ ಜಿಲ್ಲೆಯಲ್ಲಿ ರಾಗಿ ಹೊಲಗಳೆಲ್ಲ ನೀಲಗಿರಿಯಾದವು. ಆಗ ಅದರ ಪರ ವಿರೋಧ ದೊಡ್ಡ ಜಗಳ ನಡೆದು ನಮ್ಮ ಜಿಲ್ಲೆಯ ಹೆಸರು ದೇಶವಿದೇಶದ ಪುಸ್ತಕಗಳಿಗೆ ಏರಿತು. 2017ರಲ್ಲಿ ಸರ್ಕಾರವೇ ಹೊಸದಾಗಿ ನೀಲಗಿರಿ ಹಾಕಕೂಡದು ಅಂತ ಹೇಳಿತು. ಹಾಕಿದ್ದು ಹಾಗೇ ಇದೆ. ಯಜಮಾನ ಬೆಂಗಳೂರಿನಲ್ಲಿ, ತೋಪು ಇಲ್ಲಿ, ಕೆಳಗೆ ಲಂಟಾನ. ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿ. ಹಗಲೆಲ್ಲ ಮಲಗಲು ಹಂದಿಗೆ ಇದಕ್ಕಿಂತ ಒಳ್ಳೆ ಲಾಡ್ಜು ಬೇಕೆ? ಕಾಡು ಎಲ್ಲಿ ಮುಗಿಯಿತು, ಹೊಲ ಎಲ್ಲಿ ಶುರುವಾಯಿತು ಅನ್ನುವುದು ಮನುಷ್ಯರಿಗೇ ಖಚಿತವಿಲ್ಲ. 2023ರಲ್ಲಿ ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಅರಣ್ಯ ಒತ್ತುವರಿ ಅಂತ ಬೆಳೆದ ಮಾವಿನ ಮರಗಳ ಮೇಲೆ ಜೆಸಿಬಿ ಹರಿದಾಗ ಏನು ಗಲಾಟೆ ಆಯಿತು ನೋಡಿದ್ದೇವೆ. ಪಟ್ಟಾ ಜಮೀನು ಅಂತ ಎದೆ ತಟ್ಟಿಕೊಂಡು ಹೊಡೆದವನ ಹೊಲ ನಾಳೆ ಸರ್ವೆಯಲ್ಲಿ ಅರಣ್ಯ ಅಂತ ಬಂದರೆ? ಆಗ ಒಂದಲ್ಲ, ಎರಡು ಕೇಸು.

ನರಿಯ ವಿಷಯದಲ್ಲಿ ನಮ್ಮ ಜನರ ಬುದ್ಧಿ ವಿಚಿತ್ರ. ಒಳ್ಳೆ ವ್ಯಾಪಾರ ಆದರೆ "ಬೆಳಗ್ಗೆ ನರಿ ಮುಖ ನೋಡಿ ಎದ್ದೆಯಾ?" ಅಂತ ಕೇಳುತ್ತೇವೆ. ಮುಳಬಾಗಿಲು, ಶ್ರೀನಿವಾಸಪುರದ ತೆಲುಗು ಮನೆಗಳಲ್ಲಿ "ನಕ್ಕ ತೋಕ ತೊಕ್ಕಿ ವಚ್ಚಾವಾ?" ಅಂತಾರೆ, ನರಿ ಬಾಲ ತುಳಿದು ಬಂದೆಯಾ ಅಂತ. ಅದೃಷ್ಟದ ಪ್ರಾಣಿ. ಆ ಅದೃಷ್ಟವೇ ಅದರ ಪ್ರಾಣಕ್ಕೆ ಮುಳುವಾಗಿದೆ. ನರಿಕೊಂಬು ಅಂತ ಒಂದು ವಸ್ತುವನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟರೆ ದುಡ್ಡು ಹರಿಯುತ್ತದೆ ಎಂದು ಮಾರುವವರಿದ್ದಾರೆ. ಈ ಅಂಕಣ ಓದುವ ಅಂಗಡಿಯವರು ದಯವಿಟ್ಟು ಗಮನಿಸಿ. ನರಿಗೆ ಕೊಂಬಿಲ್ಲ. ಹುಟ್ಟುವಾಗ ಇಲ್ಲ, ಮುದಿಯಾದ ಮೇಲೂ ಬರುವುದಿಲ್ಲ. ಕೊಂಬು ಅಂತ ಕೊಡುವುದು ಚರ್ಮದ ತುಂಡು, ಕೂದಲು, ಎಲುಬು ಸೇರಿಸಿ ಕಟ್ಟಿದ ಗಂಟು. ಅದು ನಾಯಿಯದಾಗಿದ್ದರೆ ನಿಮ್ಮ ದುಡ್ಡು ಹೋಯಿತು. ನಿಜವಾಗಿ ನರಿಯದೇ ಆಗಿದ್ದರೆ ದುಡ್ಡಿನ ಜೊತೆ ನೀವೂ ಹೋಗುತ್ತೀರಿ, ಏಕೆಂದರೆ ಇಟ್ಟುಕೊಂಡರೂ ಅಪರಾಧವೇ. ತಮಿಳುನಾಡಿನ ಸೇಲಂ ಜಿಲ್ಲೆಯ ವಾಳಪ್ಪಾಡಿ ಕಡೆ ಪೊಂಗಲ್ ಸಮಯದಲ್ಲಿ ಶುಭ ಅಂತ ನರಿ ಹಿಡಿದು ಊರಲ್ಲಿ ಓಡಿಸುವ ಪದ್ಧತಿ ಇದೆ. ಅಲ್ಲಿಯ ಅರಣ್ಯ ಇಲಾಖೆ ದಂಡ ಹಾಕುತ್ತಲೇ ಇದೆ.

ಈ ರಾತ್ರಿ ಬೇಟೆ ನಮ್ಮ ದೇಶದ ಹುಚ್ಚು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ ಕೊಯೋಟಿ ಅಂತ ಒಂದು ಪ್ರಾಣಿ, ನಮ್ಮ ನರಿಯ ದಾಯಾದಿ. ಅಲ್ಲಿಯ ಹಲವು ರಾಜ್ಯಗಳಲ್ಲಿ ಜಮೀನಿನ ಯಜಮಾನ ಒಪ್ಪಿದರೆ ಸಾಕು, ವರ್ಷವಿಡೀ ಹೊಡೆಯಬಹುದು. ಕತ್ತಲಲ್ಲಿ ಮೈಯ ಬಿಸಿಯನ್ನೇ ತೋರಿಸುವ ದುರ್ಬೀನು ಬಂದೂಕಿಗೆ ಕಟ್ಟಿಕೊಂಡು ಹೋಗುತ್ತಾರೆ. ಅದು ಸಾಲದು ಅಂತ ಅಲ್ಲಿಯ ಕೇಂದ್ರ ಸರ್ಕಾರದ ಇಲಾಖೆಯೇ ವರ್ಷಕ್ಕೆ 60 ಸಾವಿರದ ಆಸುಪಾಸು ಕೊಯೋಟಿಗಳನ್ನು ಕೊಂದಿದೆ. ಫಲ? ಒಂದು ಕಾಲಕ್ಕೆ ಪಶ್ಚಿಮದ ಬಯಲಿನಲ್ಲಿದ್ದ ಕೊಯೋಟಿ ಈಗ ನ್ಯೂಯಾರ್ಕಿನ ಪಾರ್ಕಿಗೂ ಬಂದಿದೆ. ಜೋಡಿ ಒಡೆದರೆ ಉಳಿದವು ಚಿಕ್ಕ ವಯಸ್ಸಿಗೇ ಮರಿ ಹಾಕುತ್ತವೆ, ಖಾಲಿಯಾದ ಜಾಗಕ್ಕೆ ಹೊರಗಿನವು ಬಂದು ಸೇರುತ್ತವೆ ಅನ್ನುವುದು ಅಲ್ಲಿ ಅಧ್ಯಯನ ಮಾಡಿದವರ ಮಾತು. ಅಷ್ಟು ದುಡ್ಡು, ಅಷ್ಟು ಮದ್ದು ಇದ್ದವರಿಗೇ ಆಗದ ಕೆಲಸವನ್ನು ನಮ್ಮ ಶನಿವಾರದ ವೀರರು ಭಾವನ ಹೊಲದಲ್ಲಿ ಮಾಡಿ ಮುಗಿಸುತ್ತಾರಂತೆ.

ಹಾಗಾದರೆ ರೈತ ಏನು ಮಾಡಬೇಕು? ಕಾಯ್ದೆಯ 11ನೇ ಕಲಂ ನೋಡಿ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳಲು ಒಳ್ಳೆಯ ಮನಸ್ಸಿನಿಂದ ಕೊಂದರೆ ಅಪರಾಧವಲ್ಲ. ಪ್ರಾಣ ಅಂದರೆ ಮನುಷ್ಯನದು, ಕೋಳಿಯದಲ್ಲ. ಹಂದಿ ಈಗ ಎರಡನೇ ಪಟ್ಟಿಯಲ್ಲಿದೆ. ನಿಂತ ಬೆಳೆಗೆ ಅಪಾಯ ಅನ್ನುವ ಕಾರಣಕ್ಕೆ ಮುಖ್ಯ ವನ್ಯಜೀವಿ ವಾರ್ಡನ್ನರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ಬರೆದು, ಲಿಖಿತ ಆರ್ಡರ್ ಕೊಡಬಹುದು. ಮಾಂಸ ಮಾತ್ರ ನಿಮ್ಮದಲ್ಲ. ಒಂದನೇ ಪಟ್ಟಿಗೆ ಏರಿದ ನರಿಗೆ ಆ ದಾರಿಯೂ ಇಲ್ಲ, ಬೆಳೆ ಹಾನಿ ಅದರ ಮಟ್ಟಿಗೆ ಕಾರಣವೇ ಅಲ್ಲ. ನರಿಗೆ ಉಳಿದದ್ದು ಹಳೇ ಉಪಾಯ. ರಾತ್ರಿ ಮರಿಗಳನ್ನು ಮುಚ್ಚಿದ ರೊಪ್ಪಕ್ಕೆ ಹಾಕುವುದು, ಕೋಳಿಗೂಡಿಗೆ ಗಟ್ಟಿ ಅಗುಳಿ, ಕಲ್ಲಂಗಡಿ ಹೊಲಕ್ಕೆ ಮುಳ್ಳು ಮತ್ತು ಒಂದು ಒಳ್ಳೆ ನಾಯಿ. ಸತ್ತ ಕೋಳಿಗೆ ಗುಂಡಿ.

ಕಾಡುಪ್ರಾಣಿಯಿಂದ ಬೆಳೆ ಹಾಳಾದರೆ ಪರಿಹಾರಕ್ಕೆ ಅರಣ್ಯ ಇಲಾಖೆಗೆ ಅರ್ಜಿ ಕೊಡುವ ವ್ಯವಸ್ಥೆ ಇದೆ. ಇಲ್ಲೇ ಗಾಡಿ ನಿಲ್ಲುವುದು. ಬೆಳೆ ಹಾಳಾದ ದಿನ ಫೋಟೋ ತೆಗೆ, ಪಹಣಿ ತಾ, ಬ್ಯಾಂಕ್ ಪುಸ್ತಕ ತಾ, ಸಾಹೇಬರು ಸ್ಥಳಕ್ಕೆ ಬರುವ ತನಕ ಹೊಲ ಮುಟ್ಟಬೇಡ. ಟೊಮೆಟೊ ಕಾಯುತ್ತದೆಯೆ? ಗುತ್ತಿಗೆಗೆ ಮಾಡಿದವನ ಹೆಸರು ಪಹಣಿಯಲ್ಲಿ ಇರುವುದಿಲ್ಲ, ನಷ್ಟ ಮಾತ್ರ ಅವನದೇ. ಎರಡು ಸಲ ಅಲೆದವನು ಮೂರನೇ ಸಲ ಅರ್ಜಿ ಬರೆಯುವುದಿಲ್ಲ, ಕ್ಲಚ್ ವೈರ್ ಕೊಳ್ಳುತ್ತಾನೆ. ಬೇಟೆಗಾರನನ್ನು ಹಿಡಿಯಲು ರಾತ್ರಿ ಗಸ್ತು ಬೇಕು, ಒಪ್ಪೋಣ. ಆದರೆ ಗೇಟು ತೆಗೆಯುವ ರೈತನನ್ನು ನಿಲ್ಲಿಸಲು ಬೇಕಾದ್ದು ಗಸ್ತು ಅಲ್ಲ, ಹೊತ್ತಿಗೆ ಸರಿಯಾಗಿ ಬರುವ ಪರಿಹಾರದ ಚೆಕ್ಕು.

ಟೀ ಅಂಗಡಿಯ ಹುಡುಗನಿಗೆ ಇದರಲ್ಲಿ ಅರ್ಧ ಹೇಳುವಷ್ಟರಲ್ಲಿ ಅವನ ಮುಖ ಬದಲಾಗಿತ್ತು. ಏಳು ವರ್ಷ ಅಂದಾಗ ನಕ್ಕ. ಗಾಡಿ ಹೋಗುತ್ತೆ ಅಂದಾಗ ನಗಲಿಲ್ಲ. "ಭಾವನಿಗೂ ಆಗುತ್ತಾ ಸಾರ್?" ಅಂತ ಕೇಳಿದ. ಹೊಲ ಯಾರದಪ್ಪಾ ಅಂದೆ.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ವಲಯ ಅರಣ್ಯ ಕಚೇರಿಗಳಿಗೆ ಒಂದು ಕೋರಿಕೆ. ಹೋದ ವರ್ಷ ಬೆಳೆ ನಷ್ಟಕ್ಕೆ ಎಷ್ಟು ಅರ್ಜಿ ಬಂತು, ಎಷ್ಟಕ್ಕೆ ದುಡ್ಡು ಹೋಯಿತು, ಎಷ್ಟು ದಿನಕ್ಕೆ ಹೋಯಿತು, ಹಂದಿ ವಿಷಯಕ್ಕೆ 11ನೇ ಕಲಂ ಕೆಳಗೆ ಕೇಳಿದವರೆಷ್ಟು, ಕೊಟ್ಟದ್ದೆಷ್ಟು, ಈ ನಾಲ್ಕೈದು ಅಂಕಿಗಳನ್ನು ಬರುವ ಗ್ರಾಮಸಭೆಯಲ್ಲಿ ಮೈಕಿನಲ್ಲಿ ಓದಿ ಹೇಳಲಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ತೆಲುಗಿನಲ್ಲೂ ಓದಲಿ.